ಕಾನು, ಕೊಡಲಿ, ಕಾಯಕ

ಕಾಡಿನ ಮಾತು ಬಂದಾಗಲೆಲ್ಲ ಶಿರವಾಳ, ಶಹಾಪುರ, ಸುರಪುರಗಳ ಕಡೆಯ ಭಕ್ತರಿಂದ ನಾವು ಕೇಳುತ್ತ ಬಂದಿರುವ ಪ್ರಶ್ನೆಯೊಂದಿದೆ: “ಅಪ್ಪಾವರೆ, ನಮ್ಮದು ಎರೆಭೂಮಿ. ಬೇವು, ಜಾಲಿ, ಹುಣಸೆಗಳನ್ನು ಬಿಟ್ಟರೆ ನಮ್ಮಲ್ಲಿ ಮರಗಳೇ ಅಪರೂಪ. ಸಹ್ಯಾದ್ರಿಯ ಮಳೆಕಾಡಿನ ಚಿಂತೆ ಅಲ್ಲಿಯವರಿಗಿರಲಿ, ನಮಗೇಕೆ?” ಪ್ರಶ್ನೆ ಸರಳವಾಗಿದೆ, ಪ್ರಾಮಾಣಿಕವೂ ಆಗಿದೆ. ತೊಗರಿ, ಜೋಳ, ಹತ್ತಿಯ ಹೊಲಗಳ ನಡುವೆ ಬದುಕುವವನಿಗೆ, ನಡುಹಗಲಿನಲ್ಲಿಯೂ ಬಿಸಿಲು ನೆಲ ಮುಟ್ಟದ ಕಾಡು ಎಂಬುದು ಕಥೆಯಂತೆ ಕೇಳಿಸುವುದು ಸಹಜ. ಆದರೆ ಈ ಪ್ರಶ್ನೆಗೆ ಉತ್ತರ ಕೊಡದೆ ಮುಂದಿನ ಧರ್ಮವಿಚಾರಕ್ಕೆ ಕೈಹಾಕುವುದು ಉಚಿತವಲ್ಲ. ಸಂಬಂಧವಿಲ್ಲದ ಕಡೆ ಕರ್ತವ್ಯವೂ ಇರುವುದಿಲ್ಲವಷ್ಟೆ. ಆದುದರಿಂದ ಮೊದಲು ಸಂಬಂಧವನ್ನು ನೋಡೋಣ.

ನಾರಾಯಣಪುರದ ಬಸವಸಾಗರದಿಂದ ಹೊರಟ ಕಾಲುವೆಯ ನೀರು ಇಂದು ಶಹಾಪುರ, ಸುರಪುರ ತಾಲೂಕುಗಳ ಹೊಲಗಳಿಗೆ ಹರಿಯುತ್ತಿದೆ. ಜೋಳ ಬೆಳೆಯುತ್ತಿದ್ದ ಎಷ್ಟೋ ನೆಲದಲ್ಲಿ ಈಗ ಭತ್ತದ ಗದ್ದೆಗಳು ಕಾಣುತ್ತವೆ. ಆ ಸಾಗರವನ್ನು ತುಂಬುವ ನೀರು ಎಲ್ಲಿಯದು? ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಘಟಪ್ರಭೆ ಹುಟ್ಟುವುದು ಸಹ್ಯಾದ್ರಿಯ ಮಡಿಲಲ್ಲಿ. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯ ಕಾಡಿನಲ್ಲಿ. ಮೂರು ನದಿಗಳ ತವರು ಒಂದೇ ಬೆಟ್ಟಸಾಲು. ಕೂಡಲಸಂಗಮದಲ್ಲಿ ನಿಂತು ನಾವು ಕೈಮುಗಿಯುವ ನೀರು ಮೊದಲು ಮಳೆಕಾಡಿನ ಎಲೆಯ ಮೇಲೆ ಬಿದ್ದು, ಎಲೆಯಿಂದ ಕೊಂಬೆಗೆ, ಕೊಂಬೆಯಿಂದ ತರಗೆಲೆಗೆ, ತರಗೆಲೆಯಿಂದ ಮಣ್ಣಿಗೆ ಇಳಿದು ಬಂದ ನೀರು. ಕಾಡೇ ಮಳೆಯನ್ನು ತರುತ್ತದೆ ಎಂದು ಹೇಳಿಬಿಡುವುದು ಅತಿಶಯೋಕ್ತಿಯಾದೀತು. ಮುಂಗಾರನ್ನು ತರುವುದು ಕಡಲು ಮತ್ತು ಗಾಳಿ. ಆದರೆ ಬಿದ್ದ ಮಳೆ ಒಂದೇ ವಾರದಲ್ಲಿ ಕೆಸರಾಗಿ ನುಗ್ಗಬೇಕೆ, ಅಥವಾ ತಿಂಗಳುಗಟ್ಟಲೆ ಒರತೆಯಾಗಿ ಒಸರಬೇಕೆ ಎಂಬುದರಲ್ಲಿ ಕಾಡಿನ ಪಾಲು ದೊಡ್ಡದು. ಬೆಟ್ಟ ಬೋಳಾದರೆ ಹೂಳು ಹರಿದು ಬಂದು ಕೂರುವುದು ಕೆಳಗಿನ ಜಲಾಶಯದ ತಳದಲ್ಲಿ. ಇದು ಮೊದಲ ಸಂಬಂಧ.

ಎರಡನೆಯ ಸಂಬಂಧ ಇನ್ನೂ ಹತ್ತಿರದ್ದು. ನಮ್ಮ ಮಾಳಿಗೆ ಮನೆಗಳ ತೊಲೆ ಜಂತಿಗಳು, ಬಾಗಿಲವಾಡ, ತೊಟ್ಟಿಲು, ಬಂಡಿ, ಜಾತ್ರೆಗೆ ಎಳೆಯುವ ತೇರು, ಶಾಲೆಯ ಬೆಂಚು, ಕಚೇರಿಯ ಮೇಜು, ಇವೆಲ್ಲ ಎಲ್ಲಿಯ ಮರ? ಮನೆ ಕಟ್ಟಿಸುವವನು ‘ಮುಂಬಾಗಿಲಿಗಾದರೂ ಸಾಗುವಾನಿ ಬೇಕು’ ಎನ್ನುತ್ತಾನೆ. ಆ ಸಾಗುವಾನಿ ಎರೆಹೊಲದಲ್ಲಿ ಹುಟ್ಟಿದ್ದಲ್ಲ. ಈಗ ನೀವು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಯ ಹಾಳೆಯೂ ಬಿದಿರೋ ಮರವೋ ಆಗಿ ಎಲ್ಲಿಯೋ ಬೆಳೆದದ್ದೇ. ಹೀಗಿರುವಾಗ, ಕಾಡು ನಮ್ಮಿಂದ ದೂರವಿರಬಹುದು, ಕೊಡಲಿ ಮಾತ್ರ ದೂರವಿಲ್ಲ. ಅದರ ಕಾವನ್ನು ಹಿಡಿದವರು ಬೇರೆಯವರಿರಬಹುದು. ಅದು ಬೀಳುವುದು ಕೊಳ್ಳುವವನ ಬೇಡಿಕೆಯಿಂದ.

ಹಾಗಾದರೆ ಮರ ಕಡಿಯುವುದು, ಮಾರುವುದು ಪಾಪವೆ? ಶರಣರ ಚರಿತ್ರೆಯನ್ನು ಬಲ್ಲ ಯಾರೂ ಹಾಗೆ ಹೇಳಲಾರರು. ಮೋಳಿಗೆಯ ಮಾರಯ್ಯನವರು ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದು ಕೈಗೊಂಡ ಕಾಯಕ ಯಾವುದು? ಕಟ್ಟಿಗೆಯ ಹೊರೆ ಹೊತ್ತು ಮಾರುವುದು. ಮೇದಾರ ಕೇತಯ್ಯನವರ ಕಾಯಕ ಯಾವುದು? ಬಿದಿರು ಕಡಿದು, ಸೀಳಿ, ಬುಟ್ಟಿ ಮೊರ ಹೆಣೆದು ಮಾರುವುದು. ಇಬ್ಬರೂ ಕಾಡಿನಿಂದ ಬದುಕಿದವರು. ಇಬ್ಬರೂ ಕಾಡಿನ ವಸ್ತುವನ್ನು ಪೇಟೆಗೆ ಒಯ್ದವರು. ಆದುದರಿಂದ ಕಾಡಿನ ವ್ಯಾಪಾರವೆಲ್ಲವೂ ಅಧರ್ಮ ಎಂಬ ಮಾತನ್ನು ನಮ್ಮ ಪರಂಪರೆ ಒಪ್ಪುವುದಿಲ್ಲ. ಹಾಗೆಯೇ, ಕಾಡಿನ ವ್ಯಾಪಾರವೆಲ್ಲವೂ ಕಾಯಕ ಎಂಬ ಮಾತನ್ನೂ ಅದು ಒಪ್ಪುವುದಿಲ್ಲ. ಕಾಯಕಕ್ಕೂ ಸುಲಿಗೆಗೂ ನಡುವಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದೇ ಇಂದಿನ ನಮ್ಮ ವಿಷಯ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ಸಮತೋಲನ’. ಉದ್ದಿಮೆಯೂ ಬೇಕು, ಅರಣ್ಯವೂ ಬೇಕು. ಎರಡನ್ನೂ ತೂಗಿಸಿಕೊಂಡು ಹೋಗಬೇಕು ಎನ್ನುತ್ತಾರೆ. ಕೇಳಲು ಹಿತವಾದ ಮಾತು. ಆದರೆ ತಕ್ಕಡಿಯನ್ನು ಹಿಡಿಯುವ ಮೊದಲು ತಟ್ಟೆಗಳಲ್ಲಿ ಇಡುತ್ತಿರುವುದು ಏನೆಂಬುದನ್ನು ತಿಳಿಯಬೇಕಲ್ಲವೆ? ಜರ್ಮನಿಯ ತತ್ತ್ವಜ್ಞಾನಿ ಇಮ್ಮಾನ್ಯುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಮೀಮಾಂಸೆಯ ಗ್ರಂಥದಲ್ಲಿ ಒಂದು ಭೇದವನ್ನು ಮಾಡಿದನು. ಬದಲಿಯಾಗಿ ಇನ್ನೊಂದನ್ನು ಇಡಬಹುದಾದ ವಸ್ತುವಿಗೆ ಬೆಲೆ ಇರುತ್ತದೆ. ಬದಲಿಯೇ ಇಲ್ಲದುದು ಬೆಲೆಗೆ ಮೀರಿದುದು. ಕಾಂಟನು ಇದನ್ನು ಹೇಳಿದ್ದು ವಿವೇಕವುಳ್ಳ ಮನುಷ್ಯನನ್ನು ಕುರಿತು, ಮರಗಿಡಗಳನ್ನು ಕುರಿತಲ್ಲ. ಅವನ ಮಾತನ್ನು ಇದ್ದಂತೆಯೇ ಕಾಡಿಗೆ ಅನ್ವಯಿಸಲಾಗದು. ಆದರೂ ಅವನು ಕೊಟ್ಟ ಒರೆಗಲ್ಲು ನಮಗೆ ಉಪಯುಕ್ತ: ಇದಕ್ಕೆ ಬದಲಿ ಉಂಟೆ?

ತೋಟದಲ್ಲಿ ನೆಟ್ಟ ಸಾಗುವಾನಿಗೆ ಬದಲಿ ಉಂಟು. ಕಡಿದ ಕಡೆ ಮತ್ತೆ ನೆಟ್ಟರೆ ಮಗನ ಕಾಲಕ್ಕೋ ಮೊಮ್ಮಗನ ಕಾಲಕ್ಕೋ ಮರವಾಗುತ್ತದೆ. ಬಿದಿರಿಗೆ ಬದಲಿ ಉಂಟು. ಅದು ಮರವಲ್ಲ, ಹುಲ್ಲಿನ ಜಾತಿ. ಮೆಳೆಯ ಮರ್ಯಾದೆ ಕಾಯ್ದು ಕಡಿದರೆ ಮರುಮಳೆಗೆ ಹೊಸ ಕಳಲೆ ಏಳುತ್ತದೆ. ಆದರೆ ಮಲೆನಾಡಿನವರು ‘ಕಾನು’ ಎಂದು ಕರೆಯುವ ನಿತ್ಯಹರಿದ್ವರ್ಣದ ಕಾಡಿನ ಸ್ಥಿತಿ ಹಾಗಲ್ಲ. ಸಿದ್ದಾಪುರ ತಾಲೂಕಿನಲ್ಲಿ ಕತ್ತಲೆಕಾನು ಎಂಬ ಕಾಡೊಂದಿದೆ. ಹೆಸರೇ ಅದರ ಲಕ್ಷಣವನ್ನು ಹೇಳುತ್ತದೆ. ಅಲ್ಲಿಯ ಜೌಗಿನಲ್ಲಿ ರಾಮಪತ್ರೆಯ ಕುಲದ ಮರಗಳು ನೆಲದಿಂದ ಮೇಲೆದ್ದ ಬೇರುಗಳ ಮೇಲೆ ನಿಂತಿವೆ. ಅಂಥ ಮರಗಳ ಬೀಜ ದೊಡ್ಡದು. ಒಣಗಿದರೆ ಬೇಗ ಸಾಯುತ್ತದೆ. ಕಣಜದಲ್ಲಿ ಜೋಳವನ್ನಿಟ್ಟಂತೆ ಅದನ್ನು ವರುಷಗಟ್ಟಲೆ ಇಡಲಾಗದು. ಅದು ಮೊಳೆಯಲು ನೆರಳು ಬೇಕು, ತೇವ ಬೇಕು. ದೂರಕ್ಕೆ ಒಯ್ದು ಬಿತ್ತಲು ಮಂಗಟ್ಟೆಯಂಥ ದೊಡ್ಡ ಹಕ್ಕಿ ಬೇಕು. ಹಕ್ಕಿ ಗೂಡು ಮಾಡಲು ಪೊಟರೆಯಿರುವ ಹಳೆಯ ಮರ ಬೇಕು. ಒಂದಕ್ಕೊಂದು ಆಧಾರವಾಗಿ ನಿಂತ ಈ ಬಳಗದಲ್ಲಿ ಒಂದು ಹೆಮ್ಮರವನ್ನು ಬೀಳಿಸಿದರೆ ಅದು ಒಂಟಿಯಾಗಿ ಬೀಳುವುದಿಲ್ಲ. ಸುತ್ತಲಿನ ಎಳೆಮರಗಳನ್ನು ಮುರಿದುಕೊಂಡು ಬೀಳುತ್ತದೆ. ದಿಮ್ಮಿ ಎಳೆಯಲು ದಾರಿ ಮಾಡುತ್ತಾರೆ. ಬಿದ್ದ ಕಿಂಡಿಯಿಂದ ಬಿಸಿಲು ಇಳಿದು ನೆಲ ಒಣಗುತ್ತದೆ. ನೆರಳಿಗೆ ಹುಟ್ಟಿದ ಸಸಿ ಸತ್ತು, ಬಿಸಿಲಿಗೆ ಹೊಂದಿದ ಕಳೆ ಏಳುತ್ತದೆ. ಲೆಕ್ಕದ ಪುಸ್ತಕದಲ್ಲಿ ಹೋದದ್ದು ಒಂದು ಮರ; ನೆಲದ ಮೇಲೆ ಹೋದದ್ದು ಬೇರೆಯೇ.

ಇಂಥ ಕಾನಿಗೆ ಬದಲಿಯಾಗಿ ಬೇರೆಲ್ಲಿಯೋ ಸಸಿ ನೆಡುತ್ತೇವೆ ಎನ್ನುವುದು ಇಂದಿನ ಕಾನೂನು ಒಪ್ಪಿರುವ ಕ್ರಮ. ‘ಪರಿಹಾರಾತ್ಮಕ ಅರಣ್ಯೀಕರಣ’ ಎಂಬುದು ಅದರ ಹೆಸರು. 2016ರಲ್ಲಿ ಅದರ ನಿಧಿಗಾಗಿಯೇ ಒಂದು ಶಾಸನ ಬಂದಿದೆ. ಸಸಿ ನೆಡುವುದು ಒಳ್ಳೆಯದೇ. ಆದರೆ ಬಯಲಿನಲ್ಲಿ ಸಾಲಾಗಿ ನಿಂತ ನೀಲಗಿರಿ, ಅಕೇಶಿಯಾಗಳು ಕತ್ತಲೆಕಾನಿಗೆ ಬದಲಿಯೆಂದು ಬರೆಯುವುದು, ತಾಯಿ ತೀರಿಕೊಂಡ ಮನೆಗೆ ಅಡಿಗೆಯವಳನ್ನು ಗೊತ್ತುಮಾಡಿ ಋಣ ತೀರಿತು ಎಂದಂತೆ. ಅಡಿಗೆ ನಡೆದೀತು, ಬದಲಿ ಸಿಕ್ಕಿತೆಂದು ಹೇಳಬಾರದು.

ತೂಗುವವನ ಕೈಯಲ್ಲಿ ಬೆಲೆ ತಪ್ಪಾದರೆ ಏನಾಗುವುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ಪಾಠವೊಂದಿದೆ. 1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಉತ್ತರ ಕನ್ನಡದ ಕಾಡಿನಲ್ಲಿ ಬಿದಿರು ಮುಗಿಯಲಾರದಷ್ಟಿದೆ ಎಂಬ ಅಂದಾಜಿನ ಮೇಲೆ ಸರಕಾರವು ಅದಕ್ಕೆ ಬಿದಿರನ್ನು ಒದಗಿಸಲು ಒಪ್ಪಿತು. 1958ರಲ್ಲಿ ಗೊತ್ತುಮಾಡಿದ ಬೆಲೆ ಒಂದು ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ ಹೆಣೆಯುವ ಮೇದಾರನು ಪೇಟೆಯಲ್ಲಿ ಕೊಡಬೇಕಾಗಿದ್ದ ಬೆಲೆ ಅದರ ನೂರಾರು ಪಟ್ಟು. ಅಗ್ಗವಾಗಿ ಬಂದುದನ್ನು ಯಾರು ಕಾಪಾಡುತ್ತಾರೆ? ಒಂದು ಕಡೆ ಮುಗಿದರೆ ಇನ್ನೊಂದು ಕಡೆಯಿಂದ ತರಬಹುದು ಎಂಬ ಭಾವನೆ ಬೆಳೆಯಿತು. ಬಿದಿರಿನ ಮೆಳೆಗಳು ಅಂದಾಜಿಗಿಂತ ಬಹು ಬೇಗ ಸೊರಗಿದವು.

1970ರ ದಶಕದಲ್ಲಿ ಮೇದಾರರ ದೂರು ಸರಕಾರದ ಕಿವಿಗೆ ಬಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡಗೀಳರಿಗೆ ಬಿದಿರಿನ ಸ್ಥಿತಿಯನ್ನು ಅಭ್ಯಾಸಮಾಡುವ ಕೆಲಸ ಬಂತು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ದಟ್ಟವಾದ ಹೊದಿಕೆ ಇರುತ್ತದೆ. ಅದು ಬೆಳೆವಣಿಗೆಗೆ ಅಡ್ಡಿ, ಅದನ್ನು ಸವರಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂದು ಅರಣ್ಯಶಾಸ್ತ್ರ ಕಲಿತವರು ತಿಳಿದು ಹಾಗೆಯೇ ಮಾಡಿಸುತ್ತಿದ್ದರು. ಹಳ್ಳಿಯವರು ಹೇಳುತ್ತಿದ್ದುದು ಬೇರೆ: ಮುಳ್ಳನ್ನು ತೆಗೆದರೆ ದನವೂ ಕಾಡುಪ್ರಾಣಿಯೂ ಕಳಲೆಯನ್ನು ತಿಂದುಹಾಕುತ್ತವೆ. ವಿಜ್ಞಾನಿಗಳು ಮೆಳೆಗಳನ್ನು ಎಣಿಸಿ, ಹೋಲಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಶಾಸ್ತ್ರವು ಅಡ್ಡಿಯೆಂದು ಎಣಿಸಿದ ಮುಳ್ಳು ವಾಸ್ತವದಲ್ಲಿ ತಾಯಿಯ ಸೆರಗಾಗಿತ್ತು. ವಿದ್ಯೆ ಕಲಿತ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಇಲ್ಲಿ ಸೋತದ್ದು ವಿಜ್ಞಾನವಲ್ಲ. ಕಡೆಗೆ ಸತ್ಯವನ್ನು ಸ್ಥಾಪಿಸಿದ್ದೂ ವಿಜ್ಞಾನವೇ. ಸೋತದ್ದು ಕೇಳಿಸಿಕೊಳ್ಳದ ಅಧಿಕಾರ.

ಮೇದಾರ ಕೇತಯ್ಯನವರ ಕಥೆಯನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ನೆನೆಯಬೇಕು. ಪರಂಪರೆಯು ಹೇಳುವಂತೆ, ಅವರನ್ನು ಪರೀಕ್ಷಿಸಲು ಶಿವನು ಬಿದಿರಿನ ಗಳದೊಳಗೆ ಹೊನ್ನನ್ನು ತುಂಬಿಟ್ಟನು. ಕೇತಯ್ಯನವರು ಅದನ್ನು ಹುಳುವೆಂದು ತಳ್ಳಿಹಾಕಿದರು. ನಾವು ಇದನ್ನು ನಿರಾಸೆಯ ಕಥೆಯೆಂದು, ಹೊನ್ನನ್ನು ಬಯಸದ ಶರಣನ ಕಥೆಯೆಂದು ಹೇಳುತ್ತ ಬಂದಿದ್ದೇವೆ, ಅದು ಸರಿ. ಆದರೆ ಇದರಲ್ಲಿ ಇನ್ನೊಂದು ತಿಳಿವಳಿಕೆಯೂ ಇದೆ. ಬಿದಿರಿನಲ್ಲಿ ಬುಟ್ಟಿಯನ್ನು ಕಾಣುವವನು ನಾಳೆಯೂ ಬಿದಿರು ಇರಲಿ ಎಂದು ಬಯಸುತ್ತಾನೆ. ಅವನ ನಾಳಿನ ಕಾಯಕ ಅದರಲ್ಲಿದೆ. ಬಿದಿರಿನಲ್ಲಿ ಹೊನ್ನನ್ನು ಕಾಣುವವನಿಗೆ ನಾಳೆ ಬಿದಿರಿರಬೇಕೆಂಬ ಅಗತ್ಯವಿಲ್ಲ. ಹೊನ್ನು ಕೈಗೆ ಬಂದ ಮೇಲೆ ಅವನು ಬೇರೆ ಊರಿಗೆ, ಬೇರೆ ವ್ಯಾಪಾರಕ್ಕೆ ಹೋಗಬಲ್ಲನು. ಕಾಯಕಕ್ಕೂ ಸುಲಿಗೆಗೂ ನಡುವಿನ ಗೆರೆ ಇಲ್ಲಿಯೇ ಬೀಳುತ್ತದೆ. ತಾನು ಕಡಿದ ಕಡೆಗೆ ಮತ್ತೆ ಬರಬೇಕಾದವನು ಕಾಯಕದವನು. ಮತ್ತೆ ಬರಬೇಕಾಗಿಲ್ಲದವನು, ಎಷ್ಟೇ ಕಾನೂನುಬದ್ಧನಾಗಿರಲಿ, ಗೆರೆಯ ಆಚೆಗಿದ್ದಾನೆ.

ಈ ತಿಳಿವಳಿಕೆಯೇ 1983ರಲ್ಲಿ ಚಳವಳಿಯ ರೂಪವನ್ನು ತಾಳಿತು. ಆ ವರ್ಷದ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಸುತ್ತಲಿನ ಹಳ್ಳಿಗರು, ಗಂಡಸರು ಹೆಂಗಸರೆನ್ನದೆ, ಕಳಾಸೆಯ ಕಾಡಿಗೆ ನಡೆದುಹೋಗಿ ಕಡಿತಕ್ಕೆ ಗುರುತುಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಹಿಮಾಲಯದ ಚಿಪ್ಕೋ ಚಳವಳಿಯ ಸುಂದರಲಾಲ ಬಹುಗುಣ ಅವರ ಮಾತು ಈ ಭಾಗವನ್ನು ತಟ್ಟಿತ್ತು. ಪಾಂಡುರಂಗ ಹೆಗಡೆಯವರಂಥ ತರುಣರು ಅದನ್ನು ಊರೂರಿಗೆ ಒಯ್ದರು. ‘ಅಪ್ಪಿಕೋ’ ಎಂಬ ಹೆಸರಿನಿಂದ ಅದು ನಾಡಿಗೆಲ್ಲ ಪರಿಚಿತವಾಯಿತು. ಕೊಡಲಿ ಹಿಡಿದು ಬಂದ ಕೂಲಿಗಳನ್ನು ಅವರು ಹೊಡೆಯಲಿಲ್ಲ, ಬಯ್ಯಲಿಲ್ಲ. ಮರಕ್ಕೂ ಕೊಡಲಿಗೂ ನಡುವೆ ತಮ್ಮ ಮೈಯನ್ನು ಇಟ್ಟರು. ಈ ಜನ ಕಾಡನ್ನು ಬಳಸದವರಲ್ಲ. ಅಡಕೆಯ ತೋಟಕ್ಕೆ ಸೊಪ್ಪು, ಒಲೆಗೆ ಉರುವಲು, ಮನೆಗೆ ನಾಟಾ ಎಲ್ಲವೂ ಅವರಿಗೆ ಕಾಡಿನಿಂದಲೇ ಬರಬೇಕು. ಅವರು ಆರಿಸಿಕೊಂಡ ಘೋಷವಾಕ್ಯದಲ್ಲಿ ಮೂರು ಮಾತುಗಳಿದ್ದುವು: ಉಳಿಸು, ಬೆಳೆಸು, ಬಳಸು. ‘ಬಳಸು’ ಎಂಬ ಮಾತನ್ನು ಅವರು ಬಿಡಲಿಲ್ಲ. ಆದರೆ ಅದನ್ನು ಕೊನೆಗೆ ಇಟ್ಟರು. ಧರ್ಮವಿರುವುದು ಈ ಅನುಕ್ರಮದಲ್ಲಿ. ಅದೇ ಮೂರು ಮಾತುಗಳನ್ನು ತಿರುಗಿಸಿ, ಮೊದಲು ಬಳಸಿ, ಆಮೇಲೆ ಬೆಳೆಸಿ, ಉಳಿದರೆ ಉಳಿಸುವುದು ಎಂದರೆ ಅರ್ಥವೆಲ್ಲ ತಲೆಕೆಳಗಾಗುತ್ತದೆ.

ಇನ್ನೊಂದು ಪಕ್ಷದ ಮಾತನ್ನೂ ಕೇಳದೆ ತೀರ್ಮಾನಿಸುವುದು ನ್ಯಾಯವಲ್ಲ. ದಾಂಡೇಲಿಯ ಕಾರ್ಖಾನೆಯಲ್ಲಿ ದುಡಿಯುವವನದೂ ಕಾಯಕವೇ. ನಾಟಾ ಡಿಪೋದಲ್ಲಿ ದಿಮ್ಮಿ ಹೊರುವವನಿಗೂ ಮಕ್ಕಳಿವೆ. ಅರಣ್ಯದಿಂದ ಬಂದ ಹಣದಿಂದ ಸರಕಾರವು ಶಾಲೆಗಳನ್ನೂ ರಸ್ತೆಗಳನ್ನೂ ಕಟ್ಟಿದೆ. ಕಾಗದವಿಲ್ಲದಿದ್ದರೆ ಬಡವನ ಮಗನಿಗೆ ಪುಸ್ತಕವೆಲ್ಲಿ? ಕಾಡನ್ನು ಮುಟ್ಟಬೇಡಿ ಎನ್ನುವವನು ಈ ಪ್ರಶ್ನೆಗಳಿಗೆ ಉತ್ತರ ಕೊಡಲೇಬೇಕು. ಉತ್ತರವನ್ನು ಕಾಲವೇ ಸ್ವಲ್ಪಮಟ್ಟಿಗೆ ಕೊಟ್ಟಿದೆ. 1988ರ ರಾಷ್ಟ್ರೀಯ ಅರಣ್ಯನೀತಿಯು, ಅರಣ್ಯದಿಂದ ಬರುವ ಆದಾಯಕ್ಕಿಂತ ನೆಲ ಜಲಗಳ ರಕ್ಷಣೆ ಮೊದಲು, ಉದ್ದಿಮೆಗಳು ತಮಗೆ ಬೇಕಾದ ಮರವನ್ನು ರೈತರಿಂದ ಬೆಳೆಸಿಕೊಳ್ಳಬೇಕು ಎಂದು ಸಾರಿತು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ, ಕೇಂದ್ರವು ಒಪ್ಪಿದ ಕಾರ್ಯಯೋಜನೆಯಿಲ್ಲದೆ ದೇಶದ ಯಾವ ಕಾಡಿನಲ್ಲಿಯೂ ಮರ ಕಡಿಯಬಾರದೆಂದು ಆಜ್ಞೆ ಮಾಡಿತು. ಕಾಡಿನ ಬಿದಿರಿಲ್ಲದಿದ್ದರೆ ಕಾರ್ಖಾನೆ ಮುಚ್ಚಿಹೋಗುತ್ತದೆ ಎಂಬ ಭಯ ನಿಜವಾಗಲಿಲ್ಲ. ರೈತರು ಹೊಲದಲ್ಲಿ ಬೆಳೆದ ಸುಬಾಬುಲ್, ನೀಲಗಿರಿ, ಗಾಳಿಮರಗಳ ಮೇಲೆ ಕಾಗದದ ಕಾರ್ಖಾನೆಗಳು ನಡೆಯುವುದನ್ನು ಕಲಿತವು. ಅಗ್ಗದ ಕಾಡು ಸಿಗುತ್ತಿರುವ ತನಕ ಈ ದಾರಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂಬುದು ಯೋಚಿಸತಕ್ಕ ಸಂಗತಿ.

ಆದರೆ ಬೆಳೆಸುವುದೆಂಬ ಮಾತ್ರಕ್ಕೆ ಎಲ್ಲವೂ ಸರಿಯಾಗುವುದಿಲ್ಲ. 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಸಂಸ್ಥೆ ಹುಟ್ಟಿತು. ಸರಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಅದರ ಪಾಲುದಾರರು. ನೀಲಗಿರಿ ಬೆಳೆಯಲು ಅದಕ್ಕೆ ಗೊತ್ತುಮಾಡಿದ ಭೂಮಿ ಸುಮಾರು 30,000 ಹೆಕ್ಟೇರ್. ಕಾಗದದ ಮೇಲೆ ಅದು ‘ಪಾಳುಭೂಮಿ’. ಆದರೆ ಬಡವರ ದನ ಮೇಯುವುದು, ಉರುವಲು ಆರಿಸುವುದು ಆ ಪಾಳಿನಲ್ಲಿಯೇ. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿಯ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಸಸಿಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಆ ಸತ್ಯಾಗ್ರಹವನ್ನು ಕರೆದರು. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಮುಂದೆ ನಿಂತು, ಶಿವರಾಮ ಕಾರಂತರೂ ಜೊತೆಗೂಡಿ, ಈ ವಿವಾದವನ್ನು ಸರ್ವೋಚ್ಚ ನ್ಯಾಯಾಲಯದ ತನಕ ಒಯ್ದರು. 1991ರಲ್ಲಿ ಆ ಸಂಸ್ಥೆ ಮುಚ್ಚಲ್ಪಟ್ಟಿತು. ಕಾಡನ್ನು ಉಳಿಸುವ ಹೆಸರಿನಲ್ಲಿ ಬಡವನ ಹುಲ್ಲುಗಾವಲನ್ನು ಕಸಿದರೆ ತಕ್ಕಡಿ ನೇರವಾಗುವುದಿಲ್ಲ. ಭಾರವು ಇನ್ನೊಬ್ಬ ದುರ್ಬಲನ ಬೆನ್ನಿಗೆ ಹೋಯಿತು, ಅಷ್ಟೆ.

ಇಲ್ಲಿಯ ತನಕ ಹೇಳಿದುದು ನಮ್ಮ ನಾಡಿನ ಮಾತು. ಇನ್ನು ಹೇಳಬೇಕಾದುದು ನಮ್ಮನ್ನು ಹೆಚ್ಚು ಕಾಡಬೇಕಾದ ಮಾತು. ನಮ್ಮ ಕಾಡಿನಲ್ಲಿ ಕೊಡಲಿ ನಿಂತಿತು, ಸರಿ. ಆದರೆ ನಮ್ಮ ಮನೆಗಳಲ್ಲಿ ಮರದ ಆಸೆ ನಿಂತಿತೆ? ನಿಲ್ಲಲಿಲ್ಲ, ಹಣ ಹೆಚ್ಚಿದಂತೆ ಅದೂ ಹೆಚ್ಚಿತು. ಆ ಆಸೆಯನ್ನು ಪೂರೈಸಿದ್ದು ಯಾರು? ಕಾಂಡ್ಲಾ, ಮಂಗಳೂರು ಮುಂತಾದ ಬಂದರುಗಳಿಗೆ ಹಡಗುಗಳಲ್ಲಿ ಬಂದಿಳಿದ ಬರ್ಮಾದ ತೇಗ, ಮಲೇಶಿಯಾದ ದಿಮ್ಮಿ. ಬೋರ್ನಿಯೋ ದ್ವೀಪದಲ್ಲಿ ಸರವಾಕ್ ಎಂಬ ಮಲೇಶಿಯಾದ ರಾಜ್ಯವಿದೆ. ಅಲ್ಲಿಯ ಮಳೆಕಾಡಿನಲ್ಲಿ ಪೆನಾನ್ ಎಂಬ ಜನ ಸಾಗೋ ತಾಳೆಯ ಹಿಟ್ಟು, ಬೇಟೆ, ಬೆತ್ತಗಳಿಂದ ಬದುಕುತ್ತಿದ್ದರು. ದಿಮ್ಮಿಯ ವ್ಯಾಪಾರಿಗಳ ಯಂತ್ರಗಳು ಕಾಡನ್ನು ನುಂಗುತ್ತ ಬಂದಾಗ, 1987ರಲ್ಲಿ ಅವರು ದಾರಿಗೆ ಅಡ್ಡಲಾಗಿ ಬೇಲಿ ಕಟ್ಟಿ ನಿಂತರು. ನಮ್ಮವರು ಕುಸನೂರಿನಲ್ಲಿ ನಿಂತುದೂ ಅದೇ ವರ್ಷ. ಅವರು ಇವರನ್ನು ಅರಿಯರು, ಇವರು ಅವರನ್ನು ಅರಿಯರು. ಸರವಾಕಿನ ದಿಮ್ಮಿಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದುದು ಮೊದಲು ಜಪಾನ್. ಅನಂತರದ ದಶಕಗಳಲ್ಲಿ ಆ ಸ್ಥಾನಕ್ಕೆ ಬಂದದ್ದು ಭಾರತ. ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರ್, ತನ್ನ ಕಾಡು ಕರಗುವುದನ್ನು ಕಂಡು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿತು. ಆಗ ವ್ಯಾಪಾರಿಗಳು ಮರಕ್ಕಾಗಿ ಇನ್ನೊಂದು ದೇಶದ ಕಡೆಗೆ ನೋಡಿದರು.

ಇದು ಎಂಥ ಸಮತೋಲನ? ಸಾಲ್ಕಣಿಯವರು ತಮ್ಮ ಮೈಯೊಡ್ಡಿ ಉಳಿಸಿದ್ದು ಕಾಡನ್ನು. ನಾವು ಅವರ ಪುಣ್ಯದಿಂದ ಕಲಿತದ್ದು ಕೊಡಲಿಯನ್ನು ಕಣ್ಣಿಗೆ ಕಾಣದ ಕಡೆ ಇಡುವುದನ್ನು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ನಾವು ಸಂತೋಷಪಟ್ಟೆವು. ಆ ಸಂತೋಷದ ಹೊತ್ತಿನಲ್ಲಿ ನಾವು ಕೂತಿದ್ದ ಕುರ್ಚಿಯ ಮರ ಎಲ್ಲಿಯದೆಂದು ಎಷ್ಟು ಜನ ಕೇಳಿದರು? ತನ್ನ ಮನೆಯಲ್ಲಿ ಅಹಿಂಸೆಯನ್ನು ಪಾಲಿಸಿ, ಹಿಂಸೆಯ ಫಲವನ್ನು ಪೇಟೆಯಿಂದ ತರುವವನ ವ್ರತ ಅರ್ಧ ವ್ರತ. ಹಾಗೆಂದು ನಮ್ಮ ಕಾನುಗಳ ರಕ್ಷಣೆಯನ್ನು ಸಡಿಲಿಸಬೇಕೆಂದು ನಾವು ಹೇಳುತ್ತಿಲ್ಲ. ರಕ್ಷಣೆಯು ಬೇಡಿಕೆಯನ್ನೂ ಮುಟ್ಟಬೇಕು. ಇಲ್ಲವಾದರೆ ಅದು ಸ್ಥಳಾಂತರವಾದೀತೇ ಹೊರತು ರಕ್ಷಣೆಯಾಗಲಾರದು.

ಹಾಗಾದರೆ ಗೃಹಸ್ಥನಾದ ಭಕ್ತನು ಏನು ಮಾಡಬೇಕು? ಮರವನ್ನು ಕೊಳ್ಳುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಮೊದಲನೆಯದು: ಇದು ಬೆಳೆಸಿದ ಮರವೆ, ಇಲ್ಲವೆ ಬದಲಿಯಿಲ್ಲದ ಕಾಡಿನಿಂದ ಬಂದ ಮರವೆ? ಎರಡನೆಯದು: ಇದು ಬೆಳೆದ ಕಡೆಯ ಜನರಿಗೆ ಇದರಿಂದ ಅನ್ನ ಸಿಕ್ಕಿತೆ, ಇಲ್ಲವೆ ಅನ್ನ ಹೋಯಿತೆ? ಮೂರನೆಯದು, ಎಲ್ಲಕ್ಕಿಂತ ಕಠಿಣವಾದುದು: ಇದು ನನಗೆ ಬೇಕೇ ಬೇಕೆ? ಮೊದಲ ಎರಡು ಪ್ರಶ್ನೆಗಳಿಗೆ ಅಂಗಡಿಯವನಿಂದ ಉತ್ತರ ಬಾರದಿರಬಹುದು. ಮೂರನೆಯದಕ್ಕೆ ಉತ್ತರವನ್ನು ಯಾರೂ ಮುಚ್ಚಿಡಲಾರರು. ಅದು ನಿಮ್ಮಲ್ಲಿಯೇ ಇದೆ. ಹಳೆಯ ಮಾಳಿಗೆಯನ್ನು ಕೆಡವುವಾಗ ಅದರ ತೊಲೆ ಜಂತಿಗಳನ್ನು ಒಲೆಗೆ ಹಾಕದೆ ಹೊಸ ಮನೆಗೆ ಬಳಸಬಹುದು. ಅಜ್ಜನ ಕಾಲದ ಬಾಗಿಲನ್ನು ತಿದ್ದಿ ನಿಲ್ಲಿಸುವುದು ಬಡತನದ ಗುರುತಲ್ಲ. ಹೊಲದ ಬದುವಿನಲ್ಲಿ ಬೇವು, ಹೊಂಗೆಗಳನ್ನು, ಕಾಲುವೆಯ ನೀರು ಸಿಗುವ ಕಡೆ ನಾಲ್ಕು ಸಾಗುವಾನಿಗಳನ್ನು ಇಂದು ನೆಟ್ಟವನು ತನ್ನ ಮೊಮ್ಮಗಳ ಮನೆಯ ಬಾಗಿಲಿಗಾಗಿ ಇನ್ನೊಬ್ಬರ ಕಾಡಿನ ಕಡೆ ನೋಡಬೇಕಾಗುವುದಿಲ್ಲ. ಇದೇ ನಮ್ಮ ನೆಲದಲ್ಲಿ ‘ಬೆಳೆಸು’ ಎಂಬ ಮಾತಿಗೆ ಅರ್ಥ.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಓದಿ ಇಂದು ಇಂಜಿನಿಯರರೂ ಅಧಿಕಾರಿಗಳೂ ಗುತ್ತಿಗೆದಾರರೂ ಆಗಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಒಂದು ಮನೆಯ ಬಾಗಿಲನ್ನು ಗೃಹಸ್ಥನು ನಿರ್ಧರಿಸುತ್ತಾನೆ. ಸಾವಿರ ಶಾಲೆಗಳ ಬಾಗಿಲನ್ನು ನಿಮ್ಮ ಟೆಂಡರಿನ ಒಂದು ಸಾಲು ನಿರ್ಧರಿಸುತ್ತದೆ. ಆ ಸಾಲನ್ನು ಬರೆಯುವಾಗ ‘ಹಿಂದಿನಿಂದ ಹೀಗೆಯೇ ಬರೆಯುತ್ತ ಬಂದಿದ್ದಾರೆ’ ಎಂಬ ಸಮಾಧಾನ ಸಾಲದು. ಟನ್ನಿಗೆ ಒಂದೂವರೆ ರೂಪಾಯಿ ಎಂದು ಬರೆದ ಕೈಯೂ ಯಾವುದೋ ದುಷ್ಟನ ಕೈಯಾಗಿರಲಿಲ್ಲ. ನಾಡಿಗೆ ಕೈಗಾರಿಕೆ ಬರಲೆಂದು ಬಯಸಿದ ಅಧಿಕಾರಿಯ ಕೈಯೇ ಆಗಿದ್ದೀತು. ಒಳ್ಳೆಯ ಉದ್ದೇಶವು ವಿಚಾರಣೆಯ ಹೊಣೆಯನ್ನು ತಪ್ಪಿಸುವುದಿಲ್ಲ. ನಮ್ಮ ಮಠಮಾನ್ಯಗಳಿಗೂ ಇದೇ ಮಾತು ಸಲ್ಲುತ್ತದೆ. ಹೊಸ ತೇರಿಗೆ ಮರ ಬೇಕಾದಾಗ, ಅದು ಬೆಳೆಸಿದ ಮರವೆಂದು ಖಚಿತಪಡಿಸಿಕೊಂಡು, ಒಂದಕ್ಕೆ ಹತ್ತು ನೆಟ್ಟು, ನೆಟ್ಟದ್ದನ್ನು ಕಾಯ್ದು ತೇರನ್ನು ಕಟ್ಟುವ ಪದ್ಧತಿಯಾಗಲಿ.

ಶಿರವಾಳದಲ್ಲಿ ಹಳೆಯ ಕಲ್ಲಿನ ಗುಡಿಗಳಿವೆ. ಅವನ್ನು ಕಟ್ಟಿದವರು ದೂರದ ಕಾಡಿನಿಂದ ಹೆಮ್ಮರಗಳನ್ನು ಎಳೆಸಿ ತರಲಿಲ್ಲ. ತಮ್ಮ ನೆಲ ಕೊಟ್ಟ ಕಲ್ಲಿನಲ್ಲಿಯೇ ಕಂಬ ಕಡೆದರು, ಬಾಗಿಲವಾಡ ಕೆತ್ತಿದರು, ಮೇಲ್ಛಾವಣಿಯನ್ನೂ ಹಾಸಿದರು. ಮರವಿಲ್ಲದ ನಾಡು ಎಂದು ಅವರ ಕಲೆ ಬಡವಾಗಲಿಲ್ಲ. ನೆಲ ಕೊಟ್ಟುದನ್ನು ಅರಿತು ಬಳಸುವುದು, ಕೊಡಲಾರದುದನ್ನು ಬೇಡದಿರುವುದು, ಇದು ಎರೆಭೂಮಿಯ ಜನಕ್ಕೆ ಹೊಸದಾಗಿ ಕಲಿಸಬೇಕಾದ ಪಾಠವಲ್ಲ. ಮರೆತುದನ್ನು ನೆನೆದರೆ ಸಾಕು. ಕಾನಿಗೆ ನಾವು ಸಲ್ಲಿಸಬಹುದಾದ ಮೊದಲ ಸೇವೆ ಅಲ್ಲಿಗೆ ಹೋಗಿ ಸಸಿ ನೆಡುವುದೂ ಅಲ್ಲ, ಇಲ್ಲಿ ಕುಳಿತು ಹೊಗಳುವುದೂ ಅಲ್ಲ. ಅಲ್ಲಿಂದ ತರಿಸಬೇಕಾದುದು ಏನೂ ಇಲ್ಲದಂತೆ ಇಲ್ಲಿ ಬದುಕುವುದು.